ಬ್ರಿಟನ್ನಿನ ಕಂಪನಿಗಳ ವೆಬ್‌ಸೈಟಿನಲ್ಲಿ ‘ಮಾಡರ್ನ್ ಸ್ಲೇವರಿ ಸ್ಟೇಟ್‌ಮೆಂಟ್’ ಯಾಕಿರುತ್ತದೆ? ಅದು ಸುಮ್ನೆ ತೋರಿಕೆಗಾ?

ಕಾನೂನು ಇದೆ, ಅದಕ್ಕೇ ಇರುತ್ತದೆ. ಬ್ರಿಟನ್ನಿನ 2015ರ ಮಾಡರ್ನ್ ಸ್ಲೇವರಿ ಆ್ಯಕ್ಟ್‌ನ 54ನೇ ಸೆಕ್ಷನ್ ಪ್ರಕಾರ, ಅಲ್ಲಿ ವ್ಯವಹಾರ ಮಾಡುವ, ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ವಹಿವಾಟಿರುವ ಕಂಪನಿ ಪ್ರತಿ ವರ್ಷ ಒಂದು ಹೇಳಿಕೆ ಪ್ರಕಟಿಸಬೇಕು. ತನ್ನಲ್ಲಿ, ತನಗೆ ಮಾಲು ಕೊಡುವವರಲ್ಲಿ ಜೀತ, ಬಲವಂತದ ದುಡಿಮೆ ಇಲ್ಲದಂತೆ ಏನು ಮಾಡಿದೆ ಎಂದು ಅದರಲ್ಲಿ ಹೇಳಬೇಕು. ಬೋರ್ಡ್ ಒಪ್ಪಬೇಕು, ಡೈರೆಕ್ಟರ್ ಸಹಿ ಹಾಕಬೇಕು.

ತಮಾಷೆ ಏನೆಂದರೆ, ‘ನಾವು ಏನೂ ಮಾಡಿಲ್ಲ’ ಎಂದು ಬರೆದರೂ ಈ ಸೆಕ್ಷನ್ನಿನ ಲೆಕ್ಕಕ್ಕೆ ಸಾಕು! ಹಾಗಾಗಿ ನಿಮ್ಮ ಅನುಮಾನ ತಪ್ಪಲ್ಲ.

ಹೇಳಿಕೆ ಗಟ್ಟಿಯೋ ಟೊಳ್ಳೋ ತಿಳಿಯಲು ನಾನು ಮೊದಲು ನೋಡುವುದು ಮಾಲು ಕೊಡುವವರ ಸರಪಳಿಯ ಕೆಳಗಿನ ಹಂತಗಳನ್ನು. ಬಟ್ಟೆ ಕಂಪನಿ ಅಂದುಕೊಳ್ಳಿ. ಹೊಲಿಯುವ ಗಾರ್ಮೆಂಟ್ಸ್ ಫ್ಯಾಕ್ಟರಿಯ ತಪಾಸಣೆ ಸುಲಭ. ನೂಲಿನ ಗಿರಣಿ, ಹತ್ತಿಯ ಹೊಲ, ಕೆಲಸಗಾರರನ್ನು ತರುವ ಏಜೆಂಟ್? ಜೀತ ಅಡಗಿರುವುದು ಹೆಚ್ಚಾಗಿ ಅಲ್ಲೇ. ಕೆಲಸ ಕೊಡಿಸಲು ಏಜೆಂಟ್ ದುಡ್ಡು ಕಿತ್ತನೇ, ಪಾಸ್‌ಪೋರ್ಟ್ ಇಟ್ಟುಕೊಂಡರೇ, ಮುಂಗಡ ಕೊಟ್ಟು ಕಟ್ಟಿಹಾಕಿದರೇ ಎಂದು ಕೇಳಬೇಕು. (ಮುಂಗಡದ ಸಾಲಕ್ಕೆ ದುಡಿಸುವ ಜೀತವನ್ನು ನಮ್ಮಲ್ಲಿ 1976ರ ಕಾಯ್ದೆಯೇ ನಿಷೇಧಿಸಿದೆ.)

‘ನಾವು ಸಹಿಸುವುದಿಲ್ಲ’ ಎಂಬ ಸಾಲಿಗೆ ನಾನು ಬೆಲೆ ಕೊಡುವುದಿಲ್ಲ. ಈ ವರ್ಷ ಏನು ತಪ್ಪು ಸಿಕ್ಕಿತು, ಏಜೆಂಟರು ಕಿತ್ತ ಹಣ ಕೆಲಸಗಾರರಿಗೆ ವಾಪಸ್ ಹೋಯಿತೇ ಎಂದು ಬರೆದ ಕಂಪನಿಯನ್ನೇ ಜಾಸ್ತಿ ನಂಬುತ್ತೇನೆ.