ಹತ್ತು ಸರೋವರ ಸುತ್ತಬೇಕೋ, ಒಂದೇ ದಡದಲ್ಲಿ ಕೂರಬೇಕೋ?

ಸುತ್ತಮುತ್ತ ಹತ್ತಾರು ಸರೋವರಗಳಿದ್ದರೂ ಪ್ರತಿ ಸಲ ಅದೇ ಬಾತು, ಅದೇ ಗಲ್‌ಗಳು (ಕಡಲಕ್ಕಿಗಳು) ಕಾಣುತ್ತವೆ, ಅಪರೂಪದವನ್ನು ಹುಡುಕುವುದು ಹೇಗೆ ಅಂತ ಕೇಳಿದ್ದೀರಿ. ನಾನೂ ಮೊದಲೆರಡು ಚಳಿಗಾಲ ಒಂದೇ ದಿನಕ್ಕೆ ಎಂಟು ಕಡೆ ಓಡಾಡುತ್ತಿದ್ದೆ. ಪ್ರತಿ ದಡದಲ್ಲೂ ಐದು ನಿಮಿಷ, ಸುಮ್ನೆ ಬೈನಾಕ್ಯುಲರ್ ಆಡಿಸಿ ಮುಂದಕ್ಕೆ. ಸಿಕ್ಕಿದ್ದು ಕತ್ತುನೋವು ಮಾತ್ರ. ಈಗ ಒಂದು ಕಡೆ ಹೋಗಿ ಎರಡು ಗಂಟೆ ಕೂರುತ್ತೇನೆ.

ಲೂನ್, ಗ್ರೀಬ್‌ನಂಥ ಮುಳುಗುವ ಹಕ್ಕಿಗಳಿಗಂತೂ ಬೇರೆ ದಾರಿಯೇ ಇಲ್ಲ. ಒಮ್ಮೆ ಮುಳುಗಿದರೆ ಎಷ್ಟೋ ಸಲ ಅರ್ಧ ನಿಮಿಷಕ್ಕೂ ಜಾಸ್ತಿ ಹೊತ್ತು ನೀರೊಳಗೇ ಇರುತ್ತವೆ, ಆಮೇಲೆ ಏಳುವುದು ಇನ್ನೆಲ್ಲೋ. ಖಾಲಿ ಅನ್ನಿಸಿದ ನೀರನ್ನು ಮೂರು ಸಲ ನೋಡಿ.

ಯಾವ ದಿನ ಹೋಗುತ್ತೀರಿ ಅನ್ನುವುದೂ ಮುಖ್ಯ. ವಲಸೆ ಕಾಲದಲ್ಲಿ ರಾತ್ರಿ ಮಳೆ ಹಿಡಿದರೆ, ಮೇಲೆ ಹಾರುತ್ತಿದ್ದ ಗುಂಪುಗಳು ಸಿಕ್ಕ ನೀರಿಗೆ ಇಳಿಯುತ್ತವೆ. ಬೆಳಿಗ್ಗೆ ಮೋಡ ಸರಿದರೆ ಮಧ್ಯಾಹ್ನದೊಳಗೆ ಜಾಗ ಖಾಲಿ. ಇನ್ನು ನೀರು ಹೆಪ್ಪುಗಟ್ಟುವ ಪ್ರದೇಶವಾದರೆ ನಿಮ್ಮ ಕೆಲಸ ಸುಲಭ. ಆಳವಿಲ್ಲದ ಸರೋವರಗಳು ಮೊದಲು ಗಟ್ಟಿಯಾಗುತ್ತವೆ. ಹಕ್ಕಿಗಳೆಲ್ಲ ಕೊನೆಗೆ ಉಳಿದ ದೊಡ್ಡ, ಆಳದ ನೀರಿಗೋ ಅಣೆಕಟ್ಟಿನ ಕೆಳಗೆ ಹರಿಯುವ ನೀರಿಗೋ ಬಂದು ಸೇರುತ್ತವೆ.

ಗಲ್‌ಗಳ ಕತೆಯೇ ಬೇರೆ. ಹಗಲೆಲ್ಲ ಕಸದ ರಾಶಿ, ಉತ್ತ ಹೊಲ ಅಂತ ಚದುರಿಹೋಗಿರುತ್ತವೆ. ಸೂರ್ಯ ಮುಳುಗುವ ಒಂದೆರಡು ಗಂಟೆ ಮೊದಲು ದೊಡ್ಡ ನೀರಿಗೆ ಮಲಗಲು ಬರುತ್ತವೆ. ಆಗ ಸ್ಕೋಪ್ (ಸ್ಟ್ಯಾಂಡಿನ ಮೇಲಿಡುವ ದೂರದರ್ಶಕ) ಹಾಕಿ ನಿಂತುಬಿಡಿ. ಅಪರೂಪದ್ದನ್ನೇ ಹುಡುಕಲು ಹೋಗಬೇಡಿ, ಗುಂಪಿಗೆ ಹೊಂದದ್ದನ್ನು ಹುಡುಕಿ. ಹೆರಿಂಗ್ ಅನ್ನುವ ಜಾತಿಯ ಗಲ್‌ಗಳ ನಡುವೆ ಒಂದರ ಬೆನ್ನು ಮಾತ್ರ ಕಡುಬೂದಿಯೇ? ಕಾಲು ಗುಲಾಬಿ ಬದಲು ಹಳದಿಯೇ? ಲೆಸ್ಸರ್ ಬ್ಲ್ಯಾಕ್-ಬ್ಯಾಕ್ಡ್ ಗಲ್ ಇರಬಹುದು. ರೆಕ್ಕೆ ತುದಿಯಲ್ಲಿ ಕಪ್ಪೇ ಇಲ್ಲವೇ? ಗ್ಲಾಕಸ್ ಅಥವಾ ಐಸ್‌ಲ್ಯಾಂಡ್ ಗಲ್ ಕಡೆ ಯೋಚಿಸಿ. ಬೂದಿ ಬಣ್ಣ ಹೋಲಿಸಲು ಮೋಡದ ದಿನವೇ ಒಳ್ಳೆಯದು. ಬಿಸಿಲಲ್ಲಿ ಹಕ್ಕಿ ಸ್ವಲ್ಪ ತಿರುಗಿದರೂ ಬೆನ್ನಿನ ಛಾಯೆ ಬದಲಾದಂತೆ ಕಾಣುತ್ತದೆ.

ತಲೆನೋವು ಇರುವುದು ಮರಿಗಳಲ್ಲಿ. ಹೆರಿಂಗ್ ಗಲ್ ದೊಡ್ಡದರ ಬಣ್ಣಕ್ಕೆ ಬರಲು ಸುಮಾರು 4 ವರ್ಷ ಬೇಕು, ಬ್ಲ್ಯಾಕ್-ಹೆಡೆಡ್ ಗಲ್‌ನಂಥ ಚಿಕ್ಕ ಜಾತಿಗಳಿಗೆ 2 ಸಾಕು. ಅಲ್ಲಿಯವರೆಗೆ ವರ್ಷಕ್ಕೊಂದು ವೇಷ. ಅದಕ್ಕೇ ನಿಮ್ಮ ಕಡೆಯ ಸಾಮಾನ್ಯ ಗಲ್‌ನ ಎಲ್ಲ ವೇಷಗಳನ್ನೂ ಬೇಜಾರಾಗುವಷ್ಟು ನೋಡಿ. ನಾನು ನೋಡಿರಲಿಲ್ಲ. ಒಂದು ವಸಂತದಲ್ಲಿ ಬೆಳ್ಳಗಿನ ಗಲ್ ಕಂಡು, ಗ್ಲಾಕಸ್ ಬಂದಿದೆ ಅಂತ ಸಿಕ್ಕವರಿಗೆಲ್ಲ ಫೋನ್ ಮಾಡಿದೆ. ಬಂದವರೊಬ್ಬರು ಸ್ಕೋಪಿನಲ್ಲಿ ಇಣುಕಿ, "ಕೊಕ್ಕು ನೋಡಿದ್ರಾ?" ಅಂದರು. ಗ್ಲಾಕಸ್ ಮರಿಯದ್ದು ಗುಲಾಬಿ ಕೊಕ್ಕು, ತುದಿ ಮಾತ್ರ ಅದ್ದಿ ತೆಗೆದಂತೆ ಕಪ್ಪು. ಇದರದ್ದು ಬಹುಪಾಲು ಕಪ್ಪೇ. ಬಿಸಿಲಿಗೆ ಗರಿ ಬಿಳಿಚಿಕೊಂಡಿದ್ದ ಮಾಮೂಲಿ ಹೆರಿಂಗ್ ಗಲ್ ಮರಿ ಅದು!

ಅನುಮಾನ ಬಂದರೆ ಕೊಕ್ಕು, ಕಾಲು, ಬಿಚ್ಚಿದ ರೆಕ್ಕೆ, ಮೂರರ ಫೋಟೋನೂ ತೆಗೆಯಿರಿ. ರೆಕ್ಕೆ ಬಿಚ್ಚಲಿ ಅಂತ ಹತ್ತಿರ ಹೋಗಿ ಎಬ್ಬಿಸಬೇಡಿ, ಇಡೀ ಗುಂಪೇ ಎದ್ದುಹೋಗುತ್ತದೆ. ಕಾಯಿರಿ, ಗರಿ ತೀಡಿಕೊಂಡ ಮೇಲೆ ಅದೇ ಒಮ್ಮೆ ಮೈಮುರಿಯುತ್ತದೆ.