ಪ್ರ: ಲೇಖಕ ಸಿ. ಎಸ್. ಲೂಯಿಸ್ ಪರ್ಗೆಟರಿ (ಸತ್ತ ಮೇಲೆ, ಸ್ವರ್ಗಕ್ಕೆ ಮುಂಚೆ ಆತ್ಮ ಶುದ್ಧವಾಗುತ್ತದೆ ಎಂಬ, ಮುಖ್ಯವಾಗಿ ಕ್ಯಾಥೊಲಿಕರ ನಂಬಿಕೆ) ನಂಬಿದ್ದರೆ ಕ್ಯಾಥೊಲಿಕ್ ಅಲ್ಲವೇ? ಅವರ ‘ಮಿಯರ್ ಕ್ರಿಶ್ಚಿಯಾನಿಟಿ’ಯಲ್ಲಿ ಆ ಮಾತೇ ಇಲ್ಲವಲ್ಲ?

ನೀವು ಹುಡುಕುತ್ತಿರುವ ಪುಸ್ತಕ ಬೇರೆ ಇರಬೇಕು, ಗೊಂದಲ ಅಲ್ಲಿಂದಲೇ ಬಂದಿರಬಹುದು. ‘ಮಿಯರ್ ಕ್ರಿಶ್ಚಿಯಾನಿಟಿ’ (1952) ಎಲ್ಲ ಕ್ರೈಸ್ತ ಸಭೆಗಳಿಗೂ (ಪಂಥಗಳಿಗೂ) ಸಮಾನವಾದ ನಂಬಿಕೆಯನ್ನಷ್ಟೇ ಹೇಳಲು ಹೊರಟದ್ದು. ಮೊದಲು ಅದರ ಮುನ್ನುಡಿ ಓದಿ: ಇದು ಬರೀ ಹಜಾರ, ಒಲೆ, ಕುರ್ಚಿ, ಊಟ ಎಲ್ಲ ಒಳಗಿನ ಕೋಣೆಗಳಲ್ಲಿ ಎನ್ನುತ್ತಾರೆ. ಕೋಣೆಗಳೆಂದರೆ ಬೇರೆಬೇರೆ ಸಭೆಗಳು. ಲೂಯಿಸ್ ಅವರ ಕೋಣೆ ಆಂಗ್ಲಿಕನ್ (ಇಂಗ್ಲೆಂಡಿನ ಸಭೆ), ಕ್ಯಾಥೊಲಿಕ್ ಅಲ್ಲ, ಕೊನೆಯವರೆಗೂ.

ಆಮೇಲೆ ಅದೇ ಪುಸ್ತಕದ ನಾಲ್ಕನೆಯ ಭಾಗದ ಒಂಬತ್ತನೆಯ ಅಧ್ಯಾಯ. ಸಾವಿನ ನಂತರದ ಶುದ್ಧೀಕರಣ ಅಲ್ಲಿ ಒಂದೇ ಸಾಲಿನಲ್ಲಿ, ಹೆಸರಿಲ್ಲದೆ, ಹಾದುಹೋಗುತ್ತದೆ. ಸುಲಭವಾಗಿ ಕಣ್ತಪ್ಪುತ್ತದೆ.

ನೇರ ಉತ್ತರ ಇರುವುದು ಅವರು ತೀರಿಕೊಂಡ ಮೇಲೆ 1964ರಲ್ಲಿ ಬಂದ ‘ಲೆಟರ್ಸ್ ಟು ಮಾಲ್ಕಮ್’ನ 20ನೆಯ ಪತ್ರದಲ್ಲಿ. ಸತ್ತವರಿಗಾಗಿ ಪ್ರಾರ್ಥಿಸುತ್ತೇನೆ, ಪರ್ಗೆಟರಿಯನ್ನು ನಂಬುತ್ತೇನೆ ಎಂದು ಅಲ್ಲಿ ಬಿಚ್ಚಿ ಹೇಳಿದ್ದಾರೆ. ಇದನ್ನು ನಿಧಾನವಾಗಿ ಓದಿ. ಆ ಸಿದ್ಧಾಂತ ಶಿಕ್ಷೆಯ ಜಾಗವಾಗಿ ಕೆಟ್ಟುಹೋಗಿತ್ತು, ಹದಿನಾರನೆಯ ಶತಮಾನದ ಪ್ರಾಟೆಸ್ಟೆಂಟ್ ಸುಧಾರಕರು ವಿರೋಧಿಸಿದ್ದು ಸರಿಯೇ ಎಂದೂ ಅದೇ ಪತ್ರ ಹೇಳುತ್ತದೆ. ಅವರಿಗೆ ಬೇಕಾದದ್ದು ತೊಳೆಯುವಿಕೆ: ಹಲ್ಲು ಕಿತ್ತ ಮೇಲೆ ಪ್ರಜ್ಞೆ ಬರುತ್ತಿರುವಾಗ ‘ಬಾಯಿ ಮುಕ್ಕಳಿಸಿ’ ಎನ್ನುವ ದನಿ ಕೇಳಿಸುತ್ತದಲ್ಲ, ಹಾಗೆ. ಎಷ್ಟು ಚೆಂದದ ಹೋಲಿಕೆ!

ಪರಲೋಕದ ಬಗ್ಗೆ ಅವರು ಬರೆದ ಕಥೆ ‘ದಿ ಗ್ರೇಟ್ ಡೈವೋರ್ಸ್’ ಅನ್ನು ಮಾತ್ರ ಸಾಕ್ಷಿಯಾಗಿ ಹಿಡಿಯಬೇಡಿ. ಅದು ಕಲ್ಪನೆ, ಪರಲೋಕದ ವಿವರವಲ್ಲ ಎಂದು ಅದರ ಮುನ್ನುಡಿಯೇ ಎಚ್ಚರಿಸುತ್ತದೆ.