ನಡೆದದ್ದನ್ನು ಎರಡು ಸಲ ಎಣಿಸಿದರೆ

ಪ್ರಶ್ನೆ: ನನಗೆ 46 ವರ್ಷ. ಎತ್ತರ 165 ಸೆಂ.ಮೀ., ತೂಕ 78 ಕಿಲೊ. ಶುಗರ್, ಬಿಪಿ ಇಲ್ಲ, ಥೈರಾಯ್ಡ್ ನಾರ್ಮಲ್. ಮುಂಬೈಯ ಫೋರ್ಟ್‌ನಲ್ಲಿ ಕೂತು ಮಾಡುವ ಕೆಲಸ. ಮೂರು ತಿಂಗಳಿಂದ ದಿನಾ ಬೆಳಿಗ್ಗೆ 5 ಕಿ.ಮೀ. ನಡೆಯುತ್ತೇನೆ, ತಿಂದದ್ದೆಲ್ಲ ಮೊಬೈಲ್ ಆ್ಯಪ್‌ನಲ್ಲಿ ಬರೆಯುತ್ತೇನೆ. ದಿನಕ್ಕೆ 1,680 ಕ್ಯಾಲೊರಿ ತಿನ್ನಿ ಅನ್ನುತ್ತದೆ ಆ್ಯಪ್. ನಡೆದು ಬಂದ ಮೇಲೆ ಇನ್ನೂ 320 ಕೊಡುತ್ತದೆ. ಆ 320ರಲ್ಲಿ ಸಂಜೆ ಸ್ಟೇಷನ್ ಹೊರಗೆ ಒಂದು ವಡಾಪಾವ್. ಇಳಿದದ್ದು ಅರ್ಧ ಕಿಲೊ ಮಾತ್ರ. ಎಲ್ಲಿ ತಪ್ಪುತ್ತಿದ್ದೇನೆ? ಒಂದು ವಾರದ ಪಟ್ಟಿ ಇದರ ಜೊತೆಗಿದೆ.
— ಓದುಗರು, ಡೊಂಬಿವಲಿ

ಉತ್ತರ: ಪಟ್ಟಿ ಓದಿದೆ. ಎರಡು ಇಡ್ಲಿಯ ಜೊತೆ ಚಟ್ನಿ ಎಷ್ಟು ಚಮಚ ಅಂತ ಬರೆಯುವವರು ಅಪರೂಪ. ನೀವು ಬರೆದಿದ್ದೀರಿ. ಎಡವಿರುವುದು ಆ 320ರಲ್ಲಿ.

ಆ್ಯಪ್ ಶುರುವಿನಲ್ಲೇ ನೀವು ಎಷ್ಟು ಓಡಾಡುತ್ತೀರಿ ಅಂತ ಕೇಳಿರುತ್ತದೆ. ನೀವು ‘ಸ್ವಲ್ಪ ಓಡಾಟ’ ಅಂತ ಒತ್ತಿರಬೇಕು. ನಿಮ್ಮ ವಯಸ್ಸು, ಎತ್ತರ, ತೂಕಕ್ಕೆ ಸುಮ್ನೆ ಮಲಗಿದ್ದರೂ ದಿನಕ್ಕೆ ಸುಮಾರು 1,590 ಕ್ಯಾಲೊರಿ ಬೇಕು. ‘ಸ್ವಲ್ಪ ಓಡಾಟ’ ಸೇರಿಸಿದರೆ 2,180. ತೂಕ ಇಳಿಯಲಿ ಅಂತ ಅದರಲ್ಲಿ 500 ಕಳೆದರೆ ನಿಮ್ಮ 1,680 ಸಿಗುತ್ತದೆ. ಅಂದರೆ ಬೆಳಗಿನ ನಡಿಗೆ ಆಗಲೇ ಒಳಗೆ ಕೂತಿದೆ. ಆಮೇಲೆ ಅದನ್ನೇ ಮತ್ತೆ 320 ಅಂತ ನಿಮ್ಮ ಕೈಗೆ ಕೊಡುತ್ತದೆ, ನೀವು ತಿಂದು ಮುಗಿಸುತ್ತೀರಿ. ಆ 320 ಕೂಡ ಉದಾರವಾದ ಲೆಕ್ಕವೇ. ಅಷ್ಟು ಹೊತ್ತು ಕುರ್ಚಿಯಲ್ಲಿ ಕೂತಿದ್ದರೂ ಖರ್ಚಾಗುತ್ತಿದ್ದುದು ಅದರಲ್ಲಿ ಸೇರಿದೆ. ನಿಮ್ಮ ತೂಕದವರು 5 ಕಿ.ಮೀ. ನಡೆದರೆ ಹೆಚ್ಚಿಗೆ ಖರ್ಚಾಗುವುದು 200ರ ಆಸುಪಾಸು. ಒಂದು ವಡಾಪಾವ್‌ಗೆ ಸುಮಾರು 300. ನಡಿಗೆ ಸೋತಿತು, ಅಲ್ವಾ?

ಒಂದು ಕಿಲೊ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ಮೂರು ತಿಂಗಳಿಗೆ ಅರ್ಧ ಕಿಲೊ ಅಂದರೆ ದಿನಕ್ಕೆ ಬರೀ 40ರಷ್ಟು ಕೊರತೆ. ಥೈರಾಯ್ಡನ್ನು ಯಾಕೆ ಬೈಯುತ್ತೀರಿ, ಪಾಪ.

ಇನ್ನು ಎಣ್ಣೆ. ಪಟ್ಟಿಯಲ್ಲಿ ‘ಬೆಂಡೆಕಾಯಿ ಪಲ್ಯ, ಒಂದು ಬಟ್ಟಲು’ ಅಂತಿದೆ. ನಿಮ್ಮ ಮನೆಯವರು ಒಗ್ಗರಣೆಗೆ ಎಷ್ಟು ಸುರಿದರು ಅಂತ ಆ್ಯಪ್‌ಗೆ ಹೇಗೆ ಗೊತ್ತು? ಮಾಟುಂಗಾದ ನನ್ನ ಮನೆಯ ಕಥೆ ಹೇಳುತ್ತೇನೆ. ನಾವಿಬ್ಬರೇ. ನನ್ನದು ಕಡಿಮೆ ಎಣ್ಣೆಯ ಅಡುಗೆ ಅಂತ ಬಂದವರ ಮುಂದೆಲ್ಲ ಜಂಭ ಕೊಚ್ಚುತ್ತಿದ್ದೆ. ಒಂದು ಸಲ ಪ್ಯಾಕೆಟ್ ಕತ್ತರಿಸಿದ ದಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದೆ. ಒಂದು ಲೀಟರ್ ಹದಿನೈದು ದಿನಕ್ಕೆ ಖಾಲಿ! ಒಬ್ಬೊಬ್ಬರಿಗೆ ದಿನಕ್ಕೆ 30 ಗ್ರಾಂ. ಗ್ರಾಂಗೆ 9ರಂತೆ 270 ಕ್ಯಾಲೊರಿ. ಯಜಮಾನರು ಒಂದು ವಾರ ನಗುತ್ತಿದ್ದರು.

ನೀವೂ ಹಾಗೇ ಗುರುತು ಹಾಕಿ. ಪಲ್ಯ ತೂಗುವುದಕ್ಕಿಂತ ಸುಲಭ. ತೆಂಗಿನಕಾಯಿ ಬಿಡಿ ಅಂತ ನಾನು ಹೇಳುವುದಿಲ್ಲ, ನಾನೂ ಕರಾವಳಿಯ ಮುಲ್ಕಿಯವಳೇ. ಆದರೆ 80 ಗ್ರಾಂ ತುರಿಗೆ 280 ಕ್ಯಾಲೊರಿ ಇರುತ್ತದೆ. ಕಾಯಿ ಅರೆದ ಗಸಿ ಮಾಡಿದ ದಿನ ಚಟ್ನಿಗೆ ರಜೆ ಕೊಡಬಹುದು.

ಆ್ಯಪ್‌ನಲ್ಲಿ ‘ಕೂತು ಕೆಲಸ’ ಅಂತ ಬದಲಾಯಿಸಿ. ಆಗ ದಿನದ ಖರ್ಚು ಸುಮಾರು 1,900 ಆಗುತ್ತದೆ, ನಡಿಗೆಗೆ 200 ನೀವೇ ಸೇರಿಸಿ. ಅದರಲ್ಲಿ 400 ಕಳೆದು 1,700 ತಿನ್ನಿ. ವ್ಯಾಯಾಮದ ಕ್ಯಾಲೊರಿ ಸೇರಿಸುವ ಆಯ್ಕೆಯನ್ನು ಬಂದ್ ಮಾಡಿ. ವಡಾಪಾವ್ ವಾರಕ್ಕೊಂದು ಸಲ ಸಾಕು, ಅದನ್ನೂ 1,700ರ ಒಳಗೇ ಬರೆಯಿರಿ. ನಡಿಗೆ ಮಾತ್ರ ನಿಲ್ಲಿಸಬೇಡಿ. ತೂಕಕ್ಕೆ ಅದರ ಸಹಾಯ ಕಡಿಮೆ ಇರಬಹುದು, ಹೃದಯಕ್ಕೂ ನಿದ್ದೆಗೂ ಜಾಸ್ತಿ. ವಾರಕ್ಕೆರಡು ದಿನ ಬಸ್ಕಿ, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದನ್ನೂ ಸೇರಿಸಿ.

ಸೋಮವಾರದ ತೂಕ ನೋಡಿ ಗಾಬರಿ ಬೇಡ. ಉಪ್ಪು ಜಾಸ್ತಿ ತಿಂದ ಮಾರನೆಯ ದಿನ ಮೈ ನೀರು ಹಿಡಿದುಕೊಳ್ಳುತ್ತದೆ. ಇಡೀ ವಾರದ ಸರಾಸರಿ ನೋಡಿ. ಸೊಂಟಕ್ಕೂ ಟೇಪು ಹಿಡಿಯಿರಿ. ನಮ್ಮ ಗಂಡಸರಿಗೆ 90 ಸೆಂ.ಮೀ. ಗಡಿ.

ಅಂದ ಹಾಗೆ, ಪಟ್ಟಿಯಲ್ಲಿ ಭಾನುವಾರದ ಜಾಗ ಖಾಲಿ. ‘ಮುಲುಂಡ್‌ನಲ್ಲಿ ಮದುವೆ’ ಅಂತ ಬರೆದು ಬಿಟ್ಟಿದ್ದೀರಿ. ಮುಂದಿನ ಕಾಗದದಲ್ಲಿ ಅದನ್ನೂ ತುಂಬಿ ಕಳಿಸಿ, ಹೋಳಿಗೆ ಎಷ್ಟು, ಮೇಲೆ ತುಪ್ಪ ಎಷ್ಟು ಅನ್ನುವುದರ ಸಮೇತ.